ಬಾನೆಟ್ಟಿನೊಳಗಿನ ಗಾಳಿದಾರಿ

ಕೇಳುಗರಿಗೆಲ್ಲ ನಮಸ್ಕಾರ.

ನಲ್ಲಿ ಜೋರಾಗಿ ಬರುತ್ತಿರುವಾಗ ತಟ್ಟನೆ ತಿರುವಿ ನಿಲ್ಲಿಸಿದರೆ ಗೋಡೆಯೊಳಗಿನ ಪೈಪು 'ಧಡ್' ಎಂದು ಒದೆಯುತ್ತದಲ್ಲ, ಓಡಿಬಂದ ನೀರು ಮುಚ್ಚಿದ ಬಾಗಿಲಿಗೆ ಡಿಕ್ಕಿ ಹೊಡೆದು ಹಿಂದಕ್ಕೆ ಪುಟಿದ ಸದ್ದು ಅದು. ಕಾರಿನ ಎಂಜಿನ್ನಿನಲ್ಲಿ ಗಾಳಿಯೂ ಹೀಗೇ ಪುಟಿಯುತ್ತದೆ.

ಗಾಳಿಯನ್ನು ಪೆಟ್ರೋಲ್ ಉರಿಯುವ ಸಿಲಿಂಡರುಗಳಿಗೆ ಹಂಚುವ ಕವಲು ಕೊಳವೆಗೆ ಇನ್‌ಟೇಕ್ ಮ್ಯಾನಿಫೋಲ್ಡ್ ಅಂತಾರೆ. ಮೊನ್ನೆ ಕಲಬುರಗಿಯ ಹುಮನಾಬಾದ್ ರಸ್ತೆಯ ಗ್ಯಾರೇಜೊಂದರಲ್ಲಿ ಬಿಚ್ಚಿಟ್ಟಿದ್ದನ್ನು ಕೈಗೆತ್ತಿಕೊಂಡೆ. ಕರಿ ಪ್ಲಾಸ್ಟಿಕ್ಕಿನ ಒಂದು ಡಬ್ಬಿ, ಅದರಿಂದ ಟಗರಿನ ಕೊಂಬಿನ ಹಾಗೆ ಸುತ್ತಿ ಇಳಿದ ನಾಲ್ಕು ಕೊಳವೆ. "ಪ್ಲಾಸ್ಟಿಕ್ ಅಂತ ಹಗುರ ತಿಳೀಬ್ಯಾಡ್ರಿ, ಅಲ್ಯೂಮಿನಿಯಂಗಿಂತ ಕಮ್ಮಿ ಕಾಯ್ತದ, ಒಳಗ ನುಣ್ಣಗದ" ಅಂದ ಮಿಸ್ತ್ರಿ.

ಒಂದು ಲೀಟರ್ ಪೆಟ್ರೋಲ್ ಉರಿಯಲು 9,000 ಲೀಟರಿನಷ್ಟು ಗಾಳಿ ಬೇಕು. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಪ್ರತಿ ಸಿಲಿಂಡರ್ ಸೆಕೆಂಡಿಗೆ 25 ಸಲ ಉಸಿರೆಳೆಯುತ್ತದೆ. ಸಿಲಿಂಡರಿಗೆ ಗಾಳಿ ಬಿಡುವ ಬಾಗಿಲು, ಅಂದರೆ ವಾಲ್ವ್, ಮುಚ್ಚಿದಾಗ ಪುಟಿದ ಒತ್ತಡದ ಅಲೆ ಶಬ್ದದ ವೇಗದಲ್ಲಿ ಡಬ್ಬಿಯ ತನಕ ಹೋಗಿ ಬರುತ್ತದೆ, ಮತ್ತೆ ಹೋಗಿ ಬರುತ್ತದೆ. ವಾಲ್ವ್ ತೆರೆದಿರುವ ಹೊತ್ತಿಗೆ ಸರಿಯಾಗಿ ಬಂತೋ, ಇನ್ನಷ್ಟು ಗಾಳಿಯನ್ನು ಒಳಗೆ ದಬ್ಬುತ್ತದೆ. ಆ ಹೊತ್ತು ಕೂಡಿಬರುವುದು ಕೊಳವೆಯ ಉದ್ದದಿಂದ. ನಾಲ್ಕು ಚೀಲ ತೊಗರಿ ಹೇರಿಕೊಂಡು ಮೆಲ್ಲಗೆ ಏರು ಹತ್ತಲು ಉದ್ದ ಕೊಳವೆ ಒಳ್ಳೆಯದು. ಹೆದ್ದಾರಿಯಲ್ಲಿ ಎಂಜಿನ್ ಜೋರಾಗಿ ತಿರುಗುವಾಗ ಗಿಡ್ಡದು. ಕೆಲವು ಕಾರುಗಳಲ್ಲಿ ಎರಡೂ ಇದ್ದು, ನಡುವೆ ಒಂದು ತೆರೆಮುಚ್ಚುವ ಫಲಕ ಇರುತ್ತದೆ.

ಇಷ್ಟು ಲೆಕ್ಕ ಹಾಕಿ ಮಾಡಿದ ದಾರಿಯ ಬಾಯಲ್ಲಿರುವ ಫಿಲ್ಟರ್ ಡಬ್ಬಿಯನ್ನು ನಮ್ಮ ಹುಡುಗರು ಕಿತ್ತೆಸೆದು ಬರೀ ಫಿಲ್ಟರ್ ಹಾಕಿಸುತ್ತಾರೆ. ಸದ್ದೇನೋ ಗಡದ್ದಾಗಿ ಬರುತ್ತದೆ. ಆದರೆ ನಮ್ಮ ಮೇ ತಿಂಗಳ 43 ಡಿಗ್ರಿಯ ಗಾಳಿ 20 ಡಿಗ್ರಿಯ ಗಾಳಿಗಿಂತ ನೂರಕ್ಕೆ ಏಳು ಪಾಲು ತೆಳು. ಬರೀ ಫಿಲ್ಟರ್ ಎಳೆದುಕೊಳ್ಳುವ, ಬಾನೆಟ್ಟಿನೊಳಗೆ ಕಾದ ಗಾಳಿ ಇನ್ನೂ ತೆಳು. ಅದನ್ನೇ ಎಂಜಿನ್ನಿಗೆ ಕುಡಿಸಿ 'ಪವರ್ ಬಂತು' ಅನ್ನುವುದು ಕಿವಿಗಾದ ಮೋಸ. ಶಹಾಬಾದ್ ಕಲ್ಲಿನ ಧೂಳಿನ ಮಾತು ಬೇರೆ.

ನಾನು ಆ ಮಿಸ್ತ್ರಿಯ ಹತ್ತಿರ ಹೋದದ್ದು ಬೇರೆ ಕಾರಣಕ್ಕೆ. ಸಿಗ್ನಲ್ಲಿನಲ್ಲಿ ನಿಂತರೆ ನನ್ನ ಗಾಡಿಯ ಎಂಜಿನ್ ವೇಗ ಒಮ್ಮೆ ಏರುತ್ತಿತ್ತು, ಒಮ್ಮೆ ಇಳಿಯುತ್ತಿತ್ತು. ಪ್ಲಗ್ ಬದಲಿಸಿ ದುಡ್ಡು ಕಳೆದುಕೊಂಡಿದ್ದೆ. ಅವನು ಎಂಜಿನ್ ಚಾಲೂ ಇಟ್ಟು, ಬಾಟಲಿಯಿಂದ ಮ್ಯಾನಿಫೋಲ್ಡ್ ಎಂಜಿನ್ನಿಗೆ ಕೂಡುವ ಸಂದಿನುದ್ದಕ್ಕೂ ನೀರು ಚಿಮುಕಿಸುತ್ತ ಬಂದ. ಮೂರನೇ ಕೊಳವೆಯ ಬುಡಕ್ಕೆ ನೀರು ಬಿದ್ದದ್ದೇ, ತೂಗಾಟ ಅರೆಗಳಿಗೆ ನಿಂತಿತು.

"ಸಂದಿ ಮುಚ್ಚೋ ಗ್ಯಾಸ್ಕೆಟ್ ಪಟ್ಟಿ ಹೋಗ್ಯಾದ. ಇಲ್ಲಿಂದ ಕಳ್ಳಗಾಳಿ ಒಳಗ ಹೊಂಟದ ನೋಡ್ರಿ" ಅಂದ.