ಒಂದು ಮಗು, ನಾಲ್ಕು ಫೈಲು: ಮಿಲ್ವಾಕಿಯವರು ಏನು ಮಾಡಿದರು?

ನಮಸ್ಕಾರ. 13 ವರ್ಷದ ಒಬ್ಬ ಹುಡುಗ ಅಂದುಕೊಳ್ಳಿ. ಸ್ಕೂಲಲ್ಲಿ ಹೊಡೆದಾಟ, ರಾತ್ರಿ ನಿದ್ದೆ ಇಲ್ಲ, ಒಮ್ಮೆ ಪೊಲೀಸರ ಕೈಗೂ ಸಿಕ್ಕಿದ್ದಾನೆ. ಸ್ಕೂಲಲ್ಲಿ ಅವನದೊಂದು ಫೈಲು, ಆಸ್ಪತ್ರೆಯಲ್ಲಿ ಒಂದು, ಕೋರ್ಟಲ್ಲಿ ಒಂದು, ಮಕ್ಕಳ ರಕ್ಷಣೆಯವರ ಹತ್ತಿರ ಇನ್ನೊಂದು. ಅಮ್ಮ ಮಾತ್ರ ಒಬ್ಬಳೇ. ನಾಲ್ಕೂ ಕಡೆ ಅದೇ ಕತೆ ಮೊದಲಿಂದ ಹೇಳಬೇಕು. ಇಬ್ಬರು ಒಂದೇ ದಿನ ಹತ್ತು ಗಂಟೆಗೇ ಬರಹೇಳಿದರೆ ಅವಳು ಎಲ್ಲಿಗೆ ಹೋಗಬೇಕು?

ಅಮೆರಿಕದಲ್ಲಿ 1982ರಲ್ಲಿ ಜೇನ್ ನಿಟ್ಜರ್ ಎಂಬ ಸಂಶೋಧಕಿ ಇಂಥ ಮಕ್ಕಳ ಬಗ್ಗೆ ಒಂದು ವರದಿ ಬರೆದರು. ಅದರ ಪ್ರಕಾರ, ತೀವ್ರ ಮಾನಸಿಕ ತೊಂದರೆ ಇರುವ 30 ಲಕ್ಷ ಮಕ್ಕಳಲ್ಲಿ 20 ಲಕ್ಷ ಮಕ್ಕಳಿಗೆ ಬೇಕಾದ ನೆರವೇ ಸಿಗುತ್ತಿರಲಿಲ್ಲ. ಆಮೇಲೆ ಯೋಜನೆ, ಕಾಯ್ದೆ ಎಲ್ಲ ಬಂತು, ಅದನ್ನು ಬಿಟ್ಟು ಸೀದಾ 1995ಕ್ಕೆ ಹೋಗೋಣ. ವಿಸ್ಕಾನ್ಸಿನ್ ರಾಜ್ಯ, ಮಿಲ್ವಾಕಿ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದು. ಯೋಜನೆಯ ಹೆಸರು 'ರ‍್ಯಾಪ್‌ಅರೌಂಡ್ ಮಿಲ್ವಾಕಿ'.

ನಮ್ಮ ಮದುವೆ ಮನೆಗಳಲ್ಲಿ ಉಗ್ರಾಣ ನೋಡಿಕೊಳ್ಳುವವರು ಒಬ್ಬರು ಇರುತ್ತಾರೆ, ಅಲ್ವಾ? ಬೀಗದ ಕೈ ಅವರ ಸೊಂಟದಲ್ಲೇ. ಅಡುಗೆ ಭಟ್ಟರಿಗೆ ತುಪ್ಪ ಬೇಕು, ಪುರೋಹಿತರಿಗೆ ಅಡಿಕೆ ಬೇಕು, ಯಾರೋ ನೆಂಟರ ಮಗುವಿಗೆ ಹಾಲು ಬೇಕು, ಎಲ್ಲದಕ್ಕೂ ಅವರೇ. ಹಾಗಾಗಿ ಹುಡುಗಿಯ ಅಮ್ಮ ಮಂಟಪದಲ್ಲಿ ಮಗಳ ಪಕ್ಕ ನೆಮ್ಮದಿಯಾಗಿ ನಿಲ್ಲಬಹುದು. ಮಿಲ್ವಾಕಿಯವರು ಪ್ರತಿ ಕುಟುಂಬಕ್ಕೂ ಅಂಥ ಒಬ್ಬರನ್ನು ಕೊಟ್ಟರು. ಕೇರ್ ಕೋಆರ್ಡಿನೇಟರ್, ಅಂದರೆ ಎಲ್ಲ ಕಡೆಯ ನೆರವನ್ನೂ ಹೊಂದಿಸಿಕೊಡುವವರು. ಒಬ್ಬರಿಗೆ ಸುಮಾರು 8 ಕುಟುಂಬ, ಅಷ್ಟೇ. ಸುಮ್ನೆ ಬೀಗದ ಕೈ ಕೊಟ್ಟರೆ ಸಾಲದು, ಒಳಗೆ ಸಾಮಾನೂ ಇರಬೇಕಲ್ಲ! ಮಕ್ಕಳ ರಕ್ಷಣೆ, ಬಾಲಾಪರಾಧ ವಿಭಾಗ, ಮೆಡಿಕೈಡ್ (ಕಡಿಮೆ ಆದಾಯದವರಿಗೆ ಅಲ್ಲಿನ ಸರ್ಕಾರದ ಆರೋಗ್ಯ ವಿಮೆ), ಎಲ್ಲರ ದುಡ್ಡನ್ನೂ ಒಂದೇ ಕಡೆ ಸೇರಿಸಿದರು. ಆಗ ಥೆರಪಿ ಜೊತೆಗೆ ಓಡಾಟದ ಖರ್ಚಿಗೂ, ಹುಡುಗನಿಗೆ ಜೊತೆಯಾಗಿರುವ ಒಬ್ಬ ಮೆಂಟರ್‌ಗೂ ಹಣ ಸಿಕ್ಕಿತು.

ಪ್ರತಿ ಮಗುವಿಗೂ ಒಂದು ತಂಡ. ಅದರಲ್ಲಿ ಯಾರಿರಬೇಕು ಅಂತ ಹೇಳುವುದು ಮನೆಯವರು. ಚಿಕ್ಕಮ್ಮ ಇರಬಹುದು, ಆಟದ ಕೋಚ್ ಇರಬಹುದು. ಎಲ್ಲರೂ ಕೂತಾಗ ಮೊದಲು ಬರುವ ಮಾತು: "ಇವನಿಗೆ ಏನು ಚೆನ್ನಾಗಿ ಬರುತ್ತೆ?" ಅಷ್ಟು ವರ್ಷ ಬರೀ ದೂರು ಕೇಳಿದ ಅಮ್ಮನಿಗೆ ಈ ಪ್ರಶ್ನೆ ಹೇಗಿರುತ್ತದೆ, ಯೋಚನೆ ಮಾಡಿ.

[ಸ್ಕ್ರೀನ್ ಮೇಲೆ: 25 ಮಕ್ಕಳು, 90 ದಿನ]

ಶುರುವಿನಲ್ಲಿ ಅವರು ಆರಿಸಿಕೊಂಡಿದ್ದು ವಸತಿ ಚಿಕಿತ್ಸಾ ಕೇಂದ್ರಗಳಲ್ಲಿದ್ದ 25 ಮಕ್ಕಳನ್ನು. ಸದ್ಯಕ್ಕೆ ಹೊರಗೆ ಕಳಿಸುವ ಯೋಚನೆಯೇ ಯಾರಿಗೂ ಇರದ ಮಕ್ಕಳು. 90 ದಿನದಲ್ಲಿ ಅವರಲ್ಲಿ 17 ಮಕ್ಕಳು ಕೇಂದ್ರ ಬಿಟ್ಟು ಊರೊಳಗೆ ಬಂದರು. ನನಗೆ ತುಂಬಾ ಇಷ್ಟವಾದ ಸಂಗತಿ ಇದು.

ಟೈಮ್ ಕಮ್ಮಿ ಇದೆ, ಬೇಗ ಹೇಳಿಬಿಡುತ್ತೇನೆ. ತುರ್ತು ಹೊತ್ತಲ್ಲಿ ಮನೆಗೇ ಬರುವ ತಂಡವೂ ಅಲ್ಲಿದೆ. 2009ರಲ್ಲಿ ಈ ಯೋಜನೆಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಶಸ್ತಿಯೂ ಬಂತು. ಇಲ್ಲಿ ನಿಮಗೆ ಯಾರ ಹತ್ತಿರ ಕೇಳಬೇಕು ಅಂತ ಗೊತ್ತಾಗದೇ ಇದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ಅಪ್ಪ ಅಮ್ಮನೂ ಫೋನ್ ಮಾಡಬಹುದು.