ನಾಗಾಓಕದಲ್ಲಿ ಮೊದಲ ಹಿಮ ಬೀಳುವ ಮುಂಚೆ

[ದೃಶ್ಯ: ಜನವರಿ, ಬೆಳಗಿನ ಆರು ಗಂಟೆ. ಮನೆಯ ಮುಂದೆ ಒಂದು ಬಿಳಿ ದಿಬ್ಬ. ದಿಬ್ಬದ ಮೇಲೆ ಎರಡು ವೈಪರ್ ಕಡ್ಡಿಗಳು ಮಾತ್ರ ಕಾಣುತ್ತಿವೆ.]

ಎಲ್ಲರಿಗೂ ನಮಸ್ಕಾರ. ಅಲ್ಲಿ ಎರಡು ಕಡ್ಡಿ ಕಾಣುತ್ತಿದೆಯಲ್ಲ, ಅದರ ಕೆಳಗೆ ನಮ್ಮ ಕಾರಿದೆ. ನಿನ್ನೆ ರಾತ್ರಿ ಮಲಗುವಾಗ ಪೂರ್ತಿ ಕಾಣುತ್ತಿತ್ತು. ಮಲಗುವ ಮುಂಚೆ ವೈಪರ್ ಎತ್ತಿ ನಿಲ್ಲಿಸಬೇಕು ಅಂತ ಹೇಳಿಕೊಟ್ಟವರು ಪಕ್ಕದ ಮನೆ ಅಜ್ಜಿ. ಎತ್ತದಿದ್ದರೆ ರಬ್ಬರು ಗಾಜಿಗೆ ಅಂಟಿ ಹೆಪ್ಪುಗಟ್ಟುತ್ತದೆ, ಹಿಮದ ಭಾರಕ್ಕೆ ಕಡ್ಡಿ ಬಾಗುತ್ತದೆ. ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಅದೂ ಹೆಪ್ಪುಗಟ್ಟುತ್ತದೆ ಅಂತ ಹೇಳಿದ್ದೂ ಅವರೇ.

ಇದು ನಾಗಾಓಕ. ಜಪಾನಿನ ನೀಗಾತಾ ಪ್ರಾಂತ್ಯದ ಊರು. ಜನಸಂಖ್ಯೆ ಎರಡೂವರೆ ಲಕ್ಷದ ಆಸುಪಾಸು. ಟೋಕಿಯೊದಲ್ಲಿ ಶಿಂಕಾನ್ಸೆನ್ ಬುಲೆಟ್ ರೈಲು ಹತ್ತಿದರೆ ಸುಮಾರು ಒಂದೂ ಮುಕ್ಕಾಲು ಗಂಟೆ. ದೂರ ಅಷ್ಟೇ. ಆದರೆ ಟೋಕಿಯೊ ಜೀವನದ ಬಗ್ಗೆ ನೋಡಿಕೊಂಡು ಬಂದ ವಿಡಿಯೋಗಳು ಇಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬರುವುದಿಲ್ಲ. ಇಲ್ಲಿ ಬೇಕಾದ ಸುದ್ದಿ ಫೋನಿಗೆ ಬರುವುದಕ್ಕಿಂತ ಜಾಸ್ತಿ ಪಕ್ಕದ ಮನೆಯಿಂದ ಬರುತ್ತದೆ. ಅದಕ್ಕೇ ಈ ವಿಡಿಯೋ. ಕಂಪನಿ ಕೆಲಸಕ್ಕೋ, ಓದುವುದಕ್ಕೋ ಇಂಥ ಊರಿಗೆ ಬರುವ ಕನ್ನಡದವರು ಹಿಮ ಬೀಳುವ ಮುಂಚೆಯೇ ಇದನ್ನು ನೋಡಲಿ ಅಂತ ನನ್ನ ಆಸೆ.

ನಮ್ಮ ಆಗುಂಬೆಗೆ ಮಳೆ ಹೇಗೆ ಬರುತ್ತದೋ, ಇಲ್ಲಿಗೆ ಹಿಮ ಹಾಗೆಯೇ ಬರುತ್ತದೆ. ಸೈಬೀರಿಯಾ ಕಡೆಯ ತಣ್ಣನೆ ಗಾಳಿ ಜಪಾನ್ ಸಮುದ್ರ ದಾಟುವಾಗ ನೀರು ಹೀರಿಕೊಳ್ಳುತ್ತದೆ. ಬೆಟ್ಟಕ್ಕೆ ಬಡಿದು ಎಲ್ಲವನ್ನೂ ಈ ಕಡೆಯೇ ಸುರಿದುಬಿಡುತ್ತದೆ. ಬೆಟ್ಟದಾಚೆ ಟೋಕಿಯೊದಲ್ಲಿ ಅದೇ ದಿನ ಬಿಸಿಲು ಇರುತ್ತದೆ. ಇಲ್ಲಿಯ ಹಿಮ ಒದ್ದೆ, ಭಾರ. ಒಂದು ಸಲಿಕೆ ಎತ್ತಿದರೆ ತೋಳಿಗೆ ಗೊತ್ತಾಗುತ್ತದೆ.

[ದೃಶ್ಯ: ನಾಗಾಓಕ ನಿಲ್ದಾಣದಿಂದ ಮೇಲ್ದಾರಿಯಲ್ಲೇ ನಡೆದು ಅಓರೆ ಕಟ್ಟಡಕ್ಕೆ.]

ಮೊದಲು ಸರ್ಕಾರಿ ಕೆಲಸ ಮುಗಿಸೋಣ. ಮನೆ ಸಿಕ್ಕ ದಿನದಿಂದ 14 ದಿನದೊಳಗೆ ಝೈರ್ಯೂ ಕಾರ್ಡ್, ಅಂದರೆ ಪರದೇಶದವರಿಗೆ ಕೊಡುವ ವಾಸದ ಗುರುತಿನ ಚೀಟಿ, ಹಿಡಿದು ನಗರಾಡಳಿತದ ಕಚೇರಿಗೆ ಹೋಗಿ ವಿಳಾಸ ಬರೆಸಬೇಕು. ಇಲ್ಲಿ ಆ ಕಚೇರಿ ಇರುವುದು ಅಓರೆ ನಾಗಾಓಕ ಅನ್ನುವ ಕಟ್ಟಡದಲ್ಲಿ. ವಾಸ್ತುಶಿಲ್ಪಿ ಕೆಂಗೊ ಕುಮಾ ವಿನ್ಯಾಸ ಮಾಡಿದ್ದು, 2012ರಲ್ಲಿ ತೆರೆದದ್ದು. ನಿಲ್ದಾಣದಿಂದ ಹಿಮಕ್ಕೆ ಕಾಲಿಡದೆ ಒಳಗೆ ಹೋಗಬಹುದು. ಕಂಪನಿಯ ವಿಮೆ ಇಲ್ಲದವರು ರಾಷ್ಟ್ರೀಯ ಆರೋಗ್ಯ ವಿಮೆಯನ್ನೂ ಅಲ್ಲೇ ಮಾಡಿಸಿ. ಆಸ್ಪತ್ರೆ ಬಿಲ್ಲಿನಲ್ಲಿ ಸಾಮಾನ್ಯವಾಗಿ ನಿಮ್ಮ ಪಾಲು ಶೇಕಡಾ 30 ಮಾತ್ರ.

ಕೌಂಟರಿನಲ್ಲಿ ಮಾತು ಅರ್ಥವಾಗದಿದ್ದರೆ ಸುಮ್ನೆ ತಲೆ ಆಡಿಸಬೇಡಿ. "ಯಾಸಾಶೀ ನಿಹೊಂಗೊ ದೆ ಒನೆಗಾಯ್ ಶಿಮಾಸು" ಅನ್ನಿ. ಸುಲಭ ಜಪಾನಿ ಭಾಷೆಯಲ್ಲಿ ಹೇಳಿ ಅಂತ ಅರ್ಥ. 1995ರ ಕೋಬೆ ಭೂಕಂಪದಲ್ಲಿ ಪರದೇಶದವರಿಗೆ ಸರಿಯಾದ ಮಾಹಿತಿ ಮುಟ್ಟಲಿಲ್ಲ. ಆಮೇಲೆ ಬೆಳೆದ ಪದ್ಧತಿ ಇದು. ಚಿಕ್ಕ ವಾಕ್ಯ, ಸರಳ ಪದ. ಹೀಗೆ ಕೇಳಿಕೊಂಡಾಗ ಎದುರಿನವರ ಮಾತೇ ನಿಧಾನವಾಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

[ದೃಶ್ಯ: ಒಂದು ಹಳೆಯ ಕ್ಲಿಪ್‌ಬೋರ್ಡ್. ಮೇಲೆ ಮನೆಮನೆಯ ಹೆಸರಿನ ಪಟ್ಟಿ, ಪ್ರತಿ ಹೆಸರಿನ ಪಕ್ಕ ಚಿಕ್ಕ ಕೆಂಪು ಮುದ್ರೆ.]

ಇದರ ಹೆಸರು ಕಾಯ್ರಾಂಬಾನ್. ಬೀದಿಯವರೆಲ್ಲ ಸೇರಿದ ಸಂಘವನ್ನು ಚೋನಾಯ್‌ಕಾಯ್ ಅನ್ನುತ್ತಾರೆ. ಆ ಸಂಘದ ಸುದ್ದಿಗಳು ಈ ಹಲಗೆಗೆ ಸಿಕ್ಕಿಸಿಕೊಂಡು ಮನೆಯಿಂದ ಮನೆಗೆ ಓಡಾಡುತ್ತವೆ. ಓದಿ, ನಿಮ್ಮ ಹೆಸರಿನ ಪಕ್ಕ ಮುದ್ರೆಯನ್ನೋ ಸಹಿಯನ್ನೋ ಹಾಕಿ, ಮುಂದಿನ ಮನೆಗೆ ಕೊಡಬೇಕು. ಅಷ್ಟೇ ಕೆಲಸ.

ನನಗೆ ಮೊದಲ ಸಲ ಬಂದಾಗ ಅದೇನು ಅಂತ ಗೊತ್ತಾಗಲಿಲ್ಲ. ಐದು ದಿನ ಶೂ ಬೀರುವಿನ ಮೇಲೆ ಇಟ್ಟುಬಿಟ್ಟೆ. ಅದರಲ್ಲಿ ವರ್ಷದ ಕೊನೆಯಲ್ಲಿ ಕಸ ಎತ್ತುವ ದಿನ ಬದಲಾಗಿದೆ ಅನ್ನುವ ಕಾಗದ ಇತ್ತು. ನಮ್ಮ ನಂತರದ ಮನೆಗಳಿಗೆ ಅದು ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲ. ಯಾರೂ ಜೋರು ಮಾಡಲಿಲ್ಲ. ಅಜ್ಜಿ ಬಂದು ನನ್ನ ಪಕ್ಕ ಕೂತು, ಒಂದೊಂದು ಕಾಗದದ ಮೇಲೂ ಬೆರಳಿಟ್ಟು ತೋರಿಸಿದರು. ಇದು ಕಸ, ಇದು ಹಿಮ ತೆಗೆಯುವ ದಿನ, ಇದು ಭೂಕಂಪದ ತಾಲೀಮು. ಆ ಸಂಜೆಯ ಅರ್ಧ ಗಂಟೆಯಲ್ಲಿ ನನಗೆ ಈ ಊರು ಅರ್ಥವಾಯಿತು.

ಆದ್ದರಿಂದ ಮನೆಗೆ ಬಂದ ಮೊದಲ ವಾರವೇ ಅಕ್ಕಪಕ್ಕದ ಎರಡು ಮನೆ, ಎದುರಿನ ಮೂರು ಮನೆಗೆ ಹೋಗಿ ಬನ್ನಿ. ಇದು ಇಲ್ಲಿಯ ಹಳೆಯ ಲೆಕ್ಕ. ಒಂದು ಕೈವಸ್ತ್ರವೋ ಬಿಸ್ಕೆಟ್ ಡಬ್ಬಿಯೋ ಸಾಕು. ಹೆಸರು ಹೇಳಿ, ಎಲ್ಲಿ ಕೆಲಸ ಅಂತ ಹೇಳಿ, "ಯೊರೊಶಿಕು ಒನೆಗಾಯ್ ಶಿಮಾಸು", ಅಂದರೆ ನಿಮ್ಮ ಸಹಕಾರ ಇರಲಿ, ಅಂದು ಬನ್ನಿ. ಚೋನಾಯ್‌ಕಾಯ್‌ಗೆ ಸೇರಲೇಬೇಕು ಅಂತ ಕಾನೂನಿಲ್ಲ. ನನ್ನನ್ನು ಕೇಳಿದರೆ ಸೇರಿ. ಕಸ ಇಡುವ ಜಾಗ ಗುಡಿಸುವುದು, ಬೀದಿ ದೀಪ ನೋಡಿಕೊಳ್ಳುವುದು ಹಲವು ಕಡೆ ಇದೇ ಸಂಘ.

ಕಸದ ವಿಷಯಕ್ಕೆ ಬಂದರೆ, ಒಂದು ಊರಿನ ನಿಯಮ ಇನ್ನೊಂದು ಊರಿಗೆ ಹೊಂದುವುದಿಲ್ಲ. ನಾಗಾಓಕದಲ್ಲಿ ಹಸಿ ಕಸಕ್ಕೆ ಬೇರೆ ಚೀಲ, ಬೇರೆ ದಿನ. ಇಲ್ಲಿ 2013ರಿಂದ ಅಡುಗೆಮನೆ ಕಸದಿಂದ ಬಯೋಗ್ಯಾಸ್ ಮಾಡಿ ಕರೆಂಟ್ ತಯಾರಿಸುತ್ತಾರೆ. ನಿಮ್ಮ ಮನೆಯ ಚಹಾ ಗಷ್ಟು, ತರಕಾರಿ ಸಿಪ್ಪೆ ಅಲ್ಲಿಗೇ ಹೋಗುತ್ತವೆ. ನೀರು ಚೆನ್ನಾಗಿ ಹಿಂಡಿ ಹಾಕಿ. ಗೊತ್ತುಮಾಡಿದ ಚೀಲವನ್ನು ಸೂಪರ್‌ಮಾರ್ಕೆಟ್ಟಿನಲ್ಲಿ ದುಡ್ಡು ಕೊಟ್ಟು ತಗೋಬೇಕು. ಕಸವನ್ನು ಹಿಂದಿನ ರಾತ್ರಿ ಇಡಬೇಡಿ, ಬೆಳಿಗ್ಗೆ ಇಡಿ. ಕಸದ ಚೀಲಗಳ ಮೇಲೆ ಬಲೆ ಸರಿಯಾಗಿ ಮುಚ್ಚಿ, ಇಲ್ಲದಿದ್ದರೆ ಕಾಗೆಗಳು ಬೀದಿಗೆಲ್ಲ ಎಳೆದು ಹಾಕುತ್ತವೆ.

[ದೃಶ್ಯ: ಬಾಗಿಲ ಹಿಡಿಗೆ ನೇತುಹಾಕಿದ ಚೀಲ. ಒಳಗೆ ಅಂಗೈ ತುಂಬುವಷ್ಟು ದಪ್ಪ, ದುಂಡು ಬದನೆಕಾಯಿ.]

ಇದು ಆಗಸ್ಟಿನಲ್ಲಿ ತೆಗೆದದ್ದು. ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ಚೀಲ ನೇತಾಡುತ್ತಿತ್ತು. ಯಾರು ಇಟ್ಟದ್ದು ಅಂತ ಬರೆದಿರಲಿಲ್ಲ. ಬೆಳೆದದ್ದರಲ್ಲಿ ಒಂದು ಪಾಲು ಅಕ್ಕಪಕ್ಕಕ್ಕೆ ಕೊಡುವುದಕ್ಕೆ ಇಲ್ಲಿ ಒಸುಸೊವಾಕೆ ಅನ್ನುತ್ತಾರೆ. ಈ ಬದನೆ ನಾಗಾಓಕದ್ದೇ ತಳಿ, ಹೆಸರು ಕಿಂಚಾಕು ನಾಸು. ಕಿಂಚಾಕು ಅಂದರೆ ದಾರ ಎಳೆದು ಮುಚ್ಚುವ ಬಟ್ಟೆ ಚೀಲ. ತೊಟ್ಟಿನ ಹತ್ತಿರದ ನೆರಿಗೆ ನೋಡಿ, ಹಾಗೇ ಇದೆ. ಇಲ್ಲಿಯವರು ಹಬೆಯಲ್ಲಿ ಬೇಯಿಸಿ, ತಣ್ಣಗೆ ಮಾಡಿ, ಶುಂಠಿಯನ್ನೋ ಸಾಸಿವೆಯನ್ನೋ ಹಚ್ಚಿಕೊಂಡು ತಿನ್ನುತ್ತಾರೆ. ತಿರುಳು ಗಟ್ಟಿ, ಬೆಂದರೂ ಕರಗುವುದಿಲ್ಲ. ನಾನು ಎಣ್ಣೆಗಾಯಿ ಮಾಡಿದೆ. ಕಡಲೆಬೀಜ, ಎಳ್ಳು, ಒಣಕೊಬ್ಬರಿ ಮಸಾಲೆ ಹಾಕಿ, ಖಾರ ಅರ್ಧ ಮಾಡಿ, ಒಂದು ಡಬ್ಬಿ ಅಜ್ಜಿಗೆ ಕೊಟ್ಟೆ. ಬದನೆ ಇಟ್ಟವರು ಅವರೇ. ಡಬ್ಬಿ ಮೂರನೇ ದಿನ ವಾಪಸ್ ಬಂತು. ಒಳಗೆ ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ಇತ್ತು.

ಸಸ್ಯಾಹಾರಿಗಳಿಗೆ ಇಲ್ಲಿ ಸ್ವಲ್ಪ ಕಷ್ಟ ಇದೆ, ಅದನ್ನು ಮುಚ್ಚಿಡುವುದಿಲ್ಲ. ತರಕಾರಿ ಸಾರು ಅಂತ ಕಂಡರೂ ಒಳಗೆ ದಾಶಿ ಇರುತ್ತದೆ. ಸಾಮಾನ್ಯವಾಗಿ ಅದು ಒಣಮೀನಿನ ರಸ. ಪ್ಯಾಕೆಟ್ಟಿನ ಅಲರ್ಜಿ ಪಟ್ಟಿ ನೋಡಿ ನಂಬಬೇಡಿ. ಅದರಲ್ಲಿ ಕಡ್ಡಾಯವಾಗಿ ಬರೆಯಬೇಕಾದದ್ದು ಮೊಟ್ಟೆ, ಹಾಲು, ಗೋಧಿ, ಸೋಬಾ ಅನ್ನುವ ಧಾನ್ಯ, ಕಡಲೆಬೀಜ, ಸೀಗಡಿ, ಏಡಿ, ವಾಲ್‌ನಟ್ ಥರದ ಕೆಲವು ಪದಾರ್ಥ ಮಾತ್ರ. ಮೀನು, ದನದ ಮಾಂಸ ಆ ಕಡ್ಡಾಯದ ಪಟ್ಟಿಯಲ್ಲಿಲ್ಲ. ಆದ್ದರಿಂದ ಪ್ಯಾಕೆಟ್ಟಿನ ಮೇಲಿನ ಪದಾರ್ಥಗಳ ಸಾಲಿಗೆ ಫೋನ್ ಕ್ಯಾಮೆರಾ ಹಿಡಿದು ಅನುವಾದ ಮಾಡಿ ಓದಿ. ಖುಷಿಯ ಸುದ್ದಿ ಅಂದರೆ ತೋಚಿಓ ಕಡೆಯ ಅಬುರಾಆಗೆ. ತೋಫು ಕರಿದದ್ದು, ಗೇಣುದ್ದ, ಎರಡು ಬೆರಳು ದಪ್ಪ. ಕಾವಲಿ ಮೇಲೆ ಗರಿಗರಿ ಮಾಡಿ, ಈರುಳ್ಳಿ ಹೂವು, ಸೋಯಾ ಸಾಸ್ ಹಾಕಿದರೆ ಒಂದು ಹೊತ್ತಿನ ಊಟ. ಇಲ್ಲಿಯ ಕೊಶಿಹಿಕಾರಿ ಅಕ್ಕಿ ಅಂಟು, ಚಿತ್ರಾನ್ನಕ್ಕೆ ಬರುವುದಿಲ್ಲ. ಮೊಸರನ್ನಕ್ಕೆ ಬಹಳ ಚೆನ್ನ. ಹಸಿ ಕರಿಬೇವನ್ನು ಊರಿಂದ ಚೀಲದಲ್ಲಿ ತರಬೇಡಿ, ವಿಮಾನ ನಿಲ್ದಾಣದ ಸಸ್ಯ ತಪಾಸಣೆಯಲ್ಲಿ ಬಿಡುವುದಿಲ್ಲ.

[ದೃಶ್ಯ: ಬಸ್ಸಿನ ಬಾಗಿಲ ಬಳಿಯ ಚಿಕ್ಕ ಯಂತ್ರದಿಂದ ಚೀಟಿ ಹೊರಬರುತ್ತದೆ.]

ಬಸ್ ಹತ್ತುವಾಗ ಈ ಚೀಟಿ ಎಳೆದುಕೊಳ್ಳಿ. ಹೆಸರು ಸೇಯ್‌ರಿಕೆನ್. ಅದರಲ್ಲಿ ಒಂದು ನಂಬರ್ ಇರುತ್ತದೆ. ಡ್ರೈವರ್ ತಲೆಯ ಮೇಲಿನ ಪರದೆಯಲ್ಲಿ ಆ ನಂಬರಿನ ಕೆಳಗೆ ದುಡ್ಡು ಏರುತ್ತಾ ಹೋಗುತ್ತದೆ. ಇಳಿಯುವಾಗ ಕಂಡಷ್ಟು ದುಡ್ಡನ್ನು ಚೀಟಿಯ ಜೊತೆ ಡಬ್ಬಿಗೆ ಹಾಕಿ. ಊರಿನ ರೈಲಿನಲ್ಲಿ ಚಳಿಗಾಲಕ್ಕೆ ಬಾಗಿಲು ತಾನಾಗಿ ತೆರೆಯುವುದಿಲ್ಲ, ಗುಂಡಿ ಒತ್ತಬೇಕು. ಒಳಗೆ ಹೋದ ಮೇಲೆ ಒತ್ತಿ ಮುಚ್ಚುವುದೂ ನಿಮ್ಮದೇ ಕೆಲಸ.

ಆದರೆ ಬಸ್ಸು ಕಡಿಮೆ. ಕಾರು ಬೇಕೇ ಬೇಕಾಗುತ್ತದೆ. ಗಾಡಿ ಎಡಗಡೆ ಓಡಿಸುವುದರಿಂದ ನಮಗೆ ಸುಲಭ. ಭಾರತದಲ್ಲಿ ಮಾಡಿಸಿದ ಅಂತಾರಾಷ್ಟ್ರೀಯ ಪರ್ಮಿಟ್ ಇಲ್ಲಿಗೆ ಬಂದ ದಿನದಿಂದ ಹೆಚ್ಚೆಂದರೆ ಒಂದು ವರ್ಷ ನಡೆಯುತ್ತದೆ. ಆಮೇಲೆ ಜಪಾನಿನ ಲೈಸೆನ್ಸ್‌ಗೆ ಬದಲಾಯಿಸಿಕೊಳ್ಳಬೇಕು. 2025ರ ಅಕ್ಟೋಬರಿನಿಂದ ಪರೀಕ್ಷೆ ಬಿಗಿಯಾಗಿದೆ. 50 ಪ್ರಶ್ನೆ, 45 ಸರಿ ಇರಬೇಕು, ಆಮೇಲೆ ಓಡಿಸಿ ತೋರಿಸಬೇಕು. ಭಾರತದಲ್ಲಿ ಲೈಸೆನ್ಸ್ ಪಡೆದ ಮೇಲೆ ಕನಿಷ್ಠ ಮೂರು ತಿಂಗಳು ಅಲ್ಲೇ ಇದ್ದೆವು ಅಂತಲೂ ತೋರಿಸಬೇಕು. ಹಳೆಯ ಪಾಸ್‌ಪೋರ್ಟ್ ಇದ್ದರೆ ಜೊತೆಗೆ ತನ್ನಿ. ರಸ್ತೆಯಲ್ಲಿ ಕೆಂಪು ತ್ರಿಕೋನ ತಲೆಕೆಳಗಾಗಿ ನಿಂತಿದ್ದು, "ತೊಮಾರೆ" ಅಂತ ಬರೆದಿದ್ದರೆ ಚಕ್ರ ಪೂರ್ತಿ ನಿಲ್ಲಬೇಕು. ರೈಲ್ವೆ ಗೇಟ್ ತೆರೆದಿದ್ದರೂ ನಿಂತು, ನೋಡಿ, ದಾಟಬೇಕು.

[ದೃಶ್ಯ: ರಸ್ತೆಯ ನಡುವಿನಿಂದ ಚಿಮ್ಮುವ ನೀರು. ಡಾಂಬರು ತುಕ್ಕಿನ ಬಣ್ಣಕ್ಕೆ ತಿರುಗಿದೆ.]

ಈ ತುಕ್ಕಿನ ಬಣ್ಣ ಬಂದದ್ದು ಅಂತರ್ಜಲದ ಕಬ್ಬಿಣದಿಂದ. ರಸ್ತೆಯ ಕೆಳಗೆ ಪೈಪು ಹಾಕಿ, ಅಂತರ್ಜಲ ಚಿಮ್ಮಿಸಿ ಹಿಮ ಕರಗಿಸುತ್ತಾರೆ. ನೆಲದೊಳಗಿನ ನೀರು ಚಳಿಗಾಲದಲ್ಲೂ ಸ್ವಲ್ಪ ಬೆಚ್ಚಗಿರುತ್ತದಲ್ಲ, ಅದೇ ಉಪಾಯ. ಇದು ಹುಟ್ಟಿದ್ದು ಈ ಊರಿನಲ್ಲೇ, 1960ರ ದಶಕದ ಆರಂಭದಲ್ಲಿ. ಆದರೆ ನಡೆಯುವವರಿಗೆ ರಸ್ತೆಯ ಅಂಚೆಲ್ಲ ತಣ್ಣನೆ ಕೊಚ್ಚೆ. ಚಂದದ ಬೂಟು ಬೇಡ, ಮೊಣಕಾಲವರೆಗಿನ ರಬ್ಬರ್ ಬೂಟು ತಗೊಳ್ಳಿ. ನೀವು ಕಾರಿನಲ್ಲಿದ್ದರೆ ಜನರ ಪಕ್ಕ ನಿಧಾನವಾಗಿ ಹೋಗಿ.

ಹಿಮದ ಟೈರು ನವೆಂಬರಿನಲ್ಲೇ ಹಾಕಿಸಿ. ಡಿಸೆಂಬರ್ ಬಂದರೆ ಟೈರ್ ಅಂಗಡಿಯಲ್ಲಿ ಉದ್ದ ಸಾಲು. ಕಾರಿನಲ್ಲಿ ಕಂಬಳಿ, ಸಲಿಕೆ, ನೀರು, ತಿನ್ನುವುದಕ್ಕೆ ಏನಾದರೂ ಯಾವಾಗಲೂ ಇರಲಿ. 2022ರ ಡಿಸೆಂಬರಿನಲ್ಲಿ ಈ ಕಡೆಯ ಹೆದ್ದಾರಿಗಳಲ್ಲಿ ಗಾಡಿಗಳು ಒಂದು ದಿನಕ್ಕಿಂತ ಜಾಸ್ತಿ ಸಿಕ್ಕಿಹಾಕಿಕೊಂಡಿದ್ದವು. ಹಾಗೆ ನಿಂತಾಗ ಇದೊಂದು ಮರೆಯಬೇಡಿ. ಹಿಂದಿನ ಹೊಗೆ ಕೊಳವೆ ಹಿಮದಲ್ಲಿ ಮುಚ್ಚಿಕೊಂಡರೆ ವಿಷಗಾಳಿ ಒಳಗೆ ಬರುತ್ತದೆ, ವಾಸನೆಯೇ ಇರುವುದಿಲ್ಲ. ಎಂಜಿನ್ ಆರಿಸಿ. ಆಗದಿದ್ದರೆ ಇಳಿದು ಇಳಿದು ಕೊಳವೆಯ ಸುತ್ತ ಹಿಮ ತೆಗೆಯುತ್ತಿರಿ.

ಮನೆಯಲ್ಲಿ ಬೆಚ್ಚಗಿರಲು ಹೆಚ್ಚಿನವರು ಸೀಮೆಎಣ್ಣೆ ಹೀಟರ್ ಇಡುತ್ತಾರೆ. 18 ಲೀಟರಿನ ಕೆಂಪು ಡಬ್ಬ ತಗೊಂಡು ಪೆಟ್ರೋಲ್ ಬಂಕಿನಲ್ಲಿ "ತೋಯು" ಅಂತ ಕೇಳಿ. ಅದಕ್ಕೂ ಮುಂಚೆ ಬಾಡಿಗೆ ಕರಾರು ನೋಡಿ, ಕೆಲವು ಅಪಾರ್ಟ್‌ಮೆಂಟಿನಲ್ಲಿ ಈ ಹೀಟರ್ ಇಡುವ ಹಾಗಿಲ್ಲ. ಇಟ್ಟರೆ ಗಂಟೆಗೊಮ್ಮೆ ಕಿಟಕಿ ತೆರೆಯಿರಿ, ಎಷ್ಟೇ ಚಳಿ ಇದ್ದರೂ. ಸೊನ್ನೆಗಿಂತ 4 ಡಿಗ್ರಿ ಕೆಳಗೆ ಹೋಗುತ್ತದೆ ಅಂತ ಮುನ್ಸೂಚನೆ ಇದ್ದ ರಾತ್ರಿ ನಲ್ಲಿಯನ್ನು ಸಣ್ಣ ಎಳೆಯಲ್ಲಿ ಹರಿಯಲು ಬಿಡಿ. ಪೈಪು ಕಟ್ಟಿಕೊಂಡರೆ ಕುದಿಯುವ ನೀರು ಸುರಿಯಬೇಡಿ, ಒಡೆಯುತ್ತದೆ. ಬಟ್ಟೆ ಸುತ್ತಿ ಉಗುರು ಬೆಚ್ಚಗಿನ ನೀರು ಹಾಕಿ.

ಮಾಡಿನ ಹಿಮ ತೆಗೆಯಲು ಒಬ್ಬರೇ ಹತ್ತಬೇಡಿ, ಯಾರು ಎಷ್ಟೇ ಸುಲಭ ಅಂದರೂ ಬೇಡ.

ಭೂಕಂಪದ ಬಗ್ಗೆಯೂ ಹೇಳಬೇಕು. 2004ರ ಅಕ್ಟೋಬರ್ 23ರ ಸಂಜೆ ಇಲ್ಲಿ 6.8 ತೀವ್ರತೆಯ ಭೂಕಂಪವಾಯಿತು. 68 ಜನ ತೀರಿಹೋದರು. ಈಗ ಈ ಊರಿಗೇ ಸೇರಿರುವ ಯಾಮಾಕೊಶಿ ಹಳ್ಳಿಯ ದಾರಿಗಳೆಲ್ಲ ಕಡಿದುಹೋಗಿ, ಜನರನ್ನು ಹೆಲಿಕಾಪ್ಟರಿನಲ್ಲಿ ಕರೆತಂದರು. ನಿಮ್ಮ ಬೀದಿಗೆ ಆಶ್ರಯದ ಜಾಗ ಯಾವುದು ಅಂತ ಇವತ್ತೇ ನೋಡಿಟ್ಟುಕೊಳ್ಳಿ, ಸಾಮಾನ್ಯವಾಗಿ ಹತ್ತಿರದ ಶಾಲೆ ಇರುತ್ತದೆ. ಒಮ್ಮೆ ಅಲ್ಲಿಗೆ ನಡೆದು ಹೋಗಿ ಬನ್ನಿ. ಆಂಬುಲೆನ್ಸ್‌ಗೂ ಬೆಂಕಿಗೂ 119, ಪೊಲೀಸರಿಗೆ 110. ನಿಮ್ಮ ವಿಳಾಸವನ್ನು ಜಪಾನಿ ಭಾಷೆಯಲ್ಲಿ ಬಾಯಿಪಾಠ ಮಾಡಿ. ಗಾಬರಿಯಲ್ಲಿ ಮೊದಲು ಮರೆತುಹೋಗುವುದು ಅದೇ.

[ದೃಶ್ಯ: ಏಳೂವರೆ. ಎರಡು ಮನೆಗಳ ನಡುವೆ ಸಲಿಕೆಯಿಂದ ಬಿಡಿಸಿದ ಕಿರುದಾರಿ. ಪ್ಲಾಸ್ಟಿಕ್ ಚೀಲದಲ್ಲಿ ಕಾಯ್ರಾಂಬಾನ್.]

ನಮ್ಮ ಕಾರು ಬಿಡಿಸಿ ಆಯಿತು. ಹಿಮದ ಯಂತ್ರ ರಾತ್ರಿ ರಸ್ತೆಯಿಂದ ತಳ್ಳಿದ ಗಟ್ಟಿ ಹಿಮ ಅಜ್ಜಿಯ ಬಾಗಿಲಿಗೆ ಅಡ್ಡ ಬಿದ್ದಿತ್ತು, ಅದನ್ನೂ ತೆಗೆದೆ. ಅವರು ಕಿಟಕಿ ತೆರೆದು "ನಜಿರಾನೆ?" ಅಂದರು. ಹೇಗಿದ್ದೀರಿ ಅನ್ನುವುದಕ್ಕೆ ಈ ಕಡೆಯ ಮಾತು, ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ. ಈ ಹಲಗೆ ನಿನ್ನೆ ಸಂಜೆ ನಮ್ಮ ಮನೆಗೆ ಬಂತು. ಓದಿ, ಸಹಿ ಹಾಕಿದ್ದೇನೆ. ಮುಂದಿನ ಮನೆಗೆ ಕೊಟ್ಟು ಕೆಲಸಕ್ಕೆ ಹೊರಡುತ್ತೇನೆ.