ತಲೆಗೆ ಪೆಟ್ಟು ಬಿದ್ದವರು ಮತ್ತೆ ಅಂಕಣಕ್ಕೆ ಇಳಿಯುವುದು ಯಾವಾಗ?

(ಹಾಸನದಲ್ಲಿ ಕಾಲೇಜು ಆಟಗಾರರು ಮತ್ತು ತರಬೇತುದಾರರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಬೇಲೂರು, ಅರಕಲಗೂಡು, ಸಕಲೇಶಪುರದಿಂದ ಬೆಳಗ್ಗೆಯೇ ಬಸ್ಸು ಹಿಡಿದು ಬಂದವರಿದ್ದೀರಿ. ಚಿಕ್ಕಮಗಳೂರಿನ ತಂಡದವರೂ ಕಾಣುತ್ತಿದ್ದಾರೆ. ಮೊದಲು ನಾನು ಮಾಡಿದ ಒಂದು ತಪ್ಪಿನ ವಿಷಯ ಹೇಳಿಬಿಡುತ್ತೇನೆ.

ನಾನು ದೈಹಿಕ ಶಿಕ್ಷಣ ನಿರ್ದೇಶಕನಾಗಿ ಸೇರಿದ ಹೊಸದು. ಅಂತರ ಕಾಲೇಜು ಕಬಡ್ಡಿ, ಮಣ್ಣಿನ ಅಂಕಣ, ಸೆಮಿಫೈನಲ್. ನಮ್ಮ ರೈಡರ್ ಆಲೂರು ಕಡೆಯ ಹುಡುಗ. ಬೋನಸ್ ಗೆರೆ ದಾಟಿ ತಿರುಗುವಾಗ ಮೂವರು ಹಿಡಿದರು. ಬೀಳುವಾಗ ಒಬ್ಬನ ಮೊಣಕಾಲು ಅವನ ಕಿವಿಯ ಮೇಲೆ ಬಡಿಯಿತು. ಎದ್ದ. ಎದ್ದವನು ನಮ್ಮ ಕಡೆ ಬರದೆ ಎದುರಾಳಿಗಳ ಕಡೆಗೇ ನಡೆದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮುಖಕ್ಕೆ ನೀರು ಹಾಕಿ, "ಆಗುತ್ತಾ ಮಗಾ?" ಎಂದೆ. "ಆಗುತ್ತೆ ಸಾರ್" ಎಂದ. ಮತ್ತೆ ಆಡಿಸಿದೆ. ಪಂದ್ಯ ಗೆದ್ದೆವು. ಸಂಜೆ ವಾಪಸ್ ಬರುವಾಗ ಬಸ್ಸಿನಲ್ಲಿ ಅವನು ನನ್ನನ್ನು ಕೇಳಿದ: "ಸಾರ್, ಮ್ಯಾಚ್ ಎಷ್ಟೊತ್ತಿಗೆ?"

ಆ ಮಾತು ಕೇಳಿ ನನ್ನ ಕೈಕಾಲು ತಣ್ಣಗಾಯಿತು. ರಕ್ತ ಬಂದಿರಲಿಲ್ಲ, ಎಚ್ಚರ ತಪ್ಪಿರಲಿಲ್ಲ, ಹಾಗಾಗಿ ಏನೂ ಆಗಿಲ್ಲ ಎಂದುಕೊಂಡಿದ್ದೆ. ಅವನಿಗೆ ಪೂರ್ತಿ ಸರಿಹೋಗಲು ಎರಡು ತಿಂಗಳು ಹಿಡಿಯಿತು. ಆ ಸೆಮಿಸ್ಟರ್‌ನಲ್ಲಿ ಎರಡು ಸಬ್ಜೆಕ್ಟ್ ಕೈಬಿಟ್ಟವು. ಇವತ್ತಿಗೂ ಆ ಹುಡುಗನ ಮುಂದೆ ನಿಂತಾಗ ನನಗೆ ನೋವಾಗುತ್ತದೆ.

ಅವನಿಗೆ ಆಗಿದ್ದಕ್ಕೆ ವೈದ್ಯರು ಕಂಕಷನ್ ಎನ್ನುತ್ತಾರೆ. ಮೊಸರಿನ ಗಡಿಗೆ ಇಟ್ಟುಕೊಂಡು ಶಿರಾಡಿ ಘಾಟಿಯಲ್ಲಿ ಹೋಗುತ್ತಿದ್ದೀರಿ, ಡ್ರೈವರ್ ಗಕ್ಕನೆ ಬ್ರೇಕ್ ಹಾಕುತ್ತಾನೆ ಅಂದುಕೊಳ್ಳಿ. ಗಡಿಗೆ ಒಡೆದಿಲ್ಲ, ಬಿರುಕೂ ಇಲ್ಲ. ಒಳಗಿನ ಮೊಸರು ಮಾತ್ರ ಕಲಕಿಹೋಗಿದೆ. ತಲೆಬುರುಡೆಯೊಳಗೆ ಮಿದುಳಿಗೆ ಆಗುವುದೂ ಹೀಗೆ. ತಲೆಗೇ ಪೆಟ್ಟು ಬೀಳಬೇಕೆಂದೂ ಇಲ್ಲ, ಮೈಗೆ ಬಿದ್ದ ಜೋರು ಡ್ಯಾಶ್ ಸಾಕು. ಹೀಗಾಗಿ ಸ್ಕ್ಯಾನ್ ಸಾಮಾನ್ಯವಾಗಿ ನಾರ್ಮಲ್ ಬರುತ್ತದೆ. ರಕ್ತಸ್ರಾವ ಆಗಿದೆಯೇ, ಮೂಳೆ ಮುರಿದಿದೆಯೇ ಎಂದು ನೋಡಲು ಸ್ಕ್ಯಾನ್ ಬೇಕು, ನಿಜ. ಆದರೆ ಸ್ಕ್ಯಾನ್ ನಾರ್ಮಲ್ ಎಂಬ ಒಂದೇ ಕಾರಣಕ್ಕೆ "ಆಡಬಹುದು" ಎನ್ನುವಂತಿಲ್ಲ. ಎಚ್ಚರ ತಪ್ಪುವುದರ ಕಥೆಯೂ ಅಷ್ಟೇ. ಕಂಕಷನ್ ಆದವರಲ್ಲಿ ಬಹುಪಾಲು ಜನಕ್ಕೆ ಎಚ್ಚರ ತಪ್ಪುವುದೇ ಇಲ್ಲ.

ಇನ್ನೊಂದು ಸಂಗತಿ, ಇದು ರೈತರ ಮನೆಯ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಪೆಟ್ಟು ಬಿದ್ದಾಗ ಮಿದುಳಿನ ಜೀವಕೋಶಗಳಿಂದ ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಅದನ್ನು ಮೊದಲಿನಂತೆ ಮಾಡಲು ಮಿದುಳಿಗೆ ಜಾಸ್ತಿ ಶಕ್ತಿ ಬೇಕು. ಅದೇ ಹೊತ್ತಿಗೆ ಅಲ್ಲಿಗೆ ಹರಿಯುವ ರಕ್ತ ಕಡಿಮೆಯಾಗಿರುತ್ತದೆ. ವೋಲ್ಟೇಜ್ ಇಲ್ಲದಾಗ ಪಂಪ್‌ಸೆಟ್ ಹಾಕಿದರೆ ಏನಾಗುತ್ತದೆ? ಮೋಟರ್ ಸುಡುತ್ತದೆ, ಅಲ್ವಾ? ಈ ಸ್ಥಿತಿಯಲ್ಲಿರುವಾಗ ಮತ್ತೊಂದು ಪೆಟ್ಟು ಬಿದ್ದರೆ ಚೇತರಿಕೆ ತುಂಬಾ ಉದ್ದವಾಗುತ್ತದೆ. ಅಪರೂಪಕ್ಕೆ, ಮುಖ್ಯವಾಗಿ ಹದಿಹರೆಯದವರಲ್ಲಿ, ಮಿದುಳು ಊದಿಕೊಂಡು ಪ್ರಾಣವೇ ಹೋಗಿದೆ. ಕೆನಡಾದ ಒಂಟಾರಿಯೊದಲ್ಲಿ ರೋವನ್ ಸ್ಟ್ರಿಂಗರ್ ಎಂಬ 17 ವರ್ಷದ ಹುಡುಗಿ 2013ರಲ್ಲಿ ಹೀಗೆ ತೀರಿಕೊಂಡಳು. ಶಾಲೆಯ ರಗ್ಬಿ ತಂಡದಲ್ಲಿ ಆಡುತ್ತಿದ್ದಳು. ಕೆಲವೇ ದಿನಗಳ ಅಂತರದಲ್ಲಿ ಮೇಲಿಂದ ಮೇಲೆ ತಲೆಗೆ ಪೆಟ್ಟು ಬಿದ್ದಿತ್ತು. ಆಮೇಲೆ 2018ರಲ್ಲಿ ಅಲ್ಲಿ ಅವಳ ಹೆಸರಿನಲ್ಲೇ ಕಾನೂನು ಬಂತು. ನಿಮ್ಮದೇ ವಯಸ್ಸಿನ ಮಗು ಅದು.

ಕ್ರಿಕೆಟ್ ನೋಡುವವರಿಗೆ 2019ರ ಲಾರ್ಡ್ಸ್ ಟೆಸ್ಟ್ ನೆನಪಿರಬಹುದು. ಜೋಫ್ರಾ ಆರ್ಚರ್ ಹಾಕಿದ ಚೆಂಡು ಸ್ಟೀವ್ ಸ್ಮಿತ್ ಕತ್ತಿಗೆ ಬಡಿಯಿತು. ಪರೀಕ್ಷೆ ಮಾಡಿದರು, ಆಗ ಎಲ್ಲ ಸರಿಯಿತ್ತು. ಮತ್ತೆ ಬಂದು ಆಡಿ 92ಕ್ಕೆ ಔಟಾದರು. ಮಾರನೇ ದಿನ ತಲೆನೋವು, ಮಂಕು. ಅವರ ಬದಲು ಲಬುಶೇನ್ ಇಳಿದರು. ಟೆಸ್ಟ್ ಕ್ರಿಕೆಟ್‌ನ ಮೊದಲ ಕಂಕಷನ್ ಬದಲಿ ಆಟಗಾರ ಅವರೇ. ಪಕ್ಕದಲ್ಲೇ ಡಾಕ್ಟರ್ ಇದ್ದ ಕಡೆಯೂ ಲಕ್ಷಣ ತಡವಾಗಿ ಕಾಣಿಸಿತು. ನಮ್ಮ ಪಂದ್ಯಗಳಲ್ಲಿ ಪಕ್ಕದಲ್ಲಿ ಇರುವುದು ಒಂದು ಐಸ್ ಬಾಕ್ಸು, ಒಂದು ಸ್ಪ್ರೇ, ನನ್ನಂಥ ಒಬ್ಬ ಮೇಷ್ಟ್ರು. ಆದ್ದರಿಂದ ಅನುಮಾನ ಬಂದರೆ ಸಾಕು, ಆ ದಿನ ಅವರ ಆಟ ಮುಗಿಯಿತು. ಚರ್ಚೆ ಬೇಡ.

"ಇದು ಎಷ್ಟು ಬೆರಳು?" ಎಂದು ಕೇಳುವುದನ್ನು ಬಿಡಿ. ಆಸ್ಟ್ರೇಲಿಯಾದ ಡೇವಿಡ್ ಮ್ಯಾಡಾಕ್ಸ್ ಎಂಬುವರ ಹೆಸರಿನಲ್ಲಿ ಐದು ಪ್ರಶ್ನೆಗಳಿವೆ. ನಾವು ಯಾವ ಮೈದಾನದಲ್ಲಿದ್ದೇವೆ? ಇದು ಎಷ್ಟನೇ ಹಾಫ್? ಕೊನೆಯ ಪಾಯಿಂಟ್ ತಂದವರು ಯಾರು? ಹೋದ ಪಂದ್ಯ ಯಾರ ಮೇಲೆ ಆಡಿದೆವು? ಗೆದ್ದೆವಾ? ಒಂದು ತಪ್ಪಿದರೂ ಹೊರಗೆ ಕೂರಿಸಿ. ಐದಕ್ಕೂ ಸರಿ ಹೇಳಿದರೂ ತಲೆ ಸುತ್ತುತ್ತಿದೆ, ಬೆಳಕು ಚುಚ್ಚುತ್ತಿದೆ ಎಂದರೆ ಆಗಲೂ ಹೊರಗೇ. ಪದೇ ಪದೇ ವಾಂತಿ, ಏರುತ್ತಿರುವ ತಲೆನೋವು, ಫಿಟ್ಸ್, ಕತ್ತು ನೋವು, ಎರಡೆರಡಾಗಿ ಕಾಣುವುದು, ಕೈಕಾಲು ಜೋಮು ಹಿಡಿಯುವುದು, ಎಚ್ಚರ ತಪ್ಪುವುದು, ಇವುಗಳಲ್ಲಿ ಒಂದಿದ್ದರೂ ನೇರ ಆಸ್ಪತ್ರೆಗೆ. ಬೈಕ್ ಕೀ ಕಿತ್ತುಕೊಳ್ಳಿ. ಒಬ್ಬರನ್ನೇ ಊರಿನ ಬಸ್ಸು ಹತ್ತಿಸಬೇಡಿ.

ಇನ್ನು ಚೇತರಿಕೆ. ಹಿಂದೆಲ್ಲ ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುತ್ತಿದ್ದರು. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ಆ ಪದ್ಧತಿ ಬೇಡ ಎಂದರು. ಆಟಕ್ಕೆ ಮರಳಲು ಆರು ಮೆಟ್ಟಿಲು ಹತ್ತಬೇಕು. ಮೊದಲನೆಯದರಲ್ಲಿ, ಅಂದರೆ ಮೊದಲ 24ರಿಂದ 48 ಗಂಟೆ, ಮನೆಯೊಳಗಿನ ಸಣ್ಣಪುಟ್ಟ ಕೆಲಸ, ಓಡಾಟ ಸಾಕು. ಆ ಎರಡು ದಿನ ಮೊಬೈಲ್ ಆದಷ್ಟು ದೂರ ಇಡಿ. ಹಾಸ್ಟೆಲ್‌ನಲ್ಲಿ ಇದು ಎಷ್ಟು ಕಷ್ಟ ಎಂದು ಗೊತ್ತು, ಆದರೂ ಕೇಳಿಕೊಳ್ಳುತ್ತೇನೆ. ಎರಡನೆಯದರಲ್ಲಿ ನಡಿಗೆ, ನಿಧಾನಕ್ಕೆ ಸೈಕಲ್. ಸ್ವಲ್ಪ ತಲೆನೋವು ಬಂದರೆ ಹೆದರಬೇಡಿ. ನೋವಿಗೆ ಹತ್ತಕ್ಕೆ ಎಷ್ಟು ಎಂದು ನೀವೇ ಅಂಕ ಕೊಟ್ಟುಕೊಳ್ಳಿ; ಅದು ಮೊದಲಿಗಿಂತ ಎರಡು ಅಂಕಕ್ಕಿಂತ ಜಾಸ್ತಿ ಏರಿದರೆ, ಅಥವಾ ಒಂದು ಗಂಟೆಯಾದರೂ ಇಳಿಯದಿದ್ದರೆ, ನಿಲ್ಲಿಸಿ ನಾಳೆ ನೋಡಿ. ಮೂರನೇ ಮೆಟ್ಟಿಲಲ್ಲಿ ಒಬ್ಬರೇ ಮಾಡುವ ಅಭ್ಯಾಸ: ಓಟ, ಫುಟ್‌ವರ್ಕ್. ನಾಲ್ಕರಲ್ಲಿ ಯಾರೂ ಮೈಗೆ ತಾಗದಂತೆ ತಂಡದ ಜೊತೆ. ಐದರಲ್ಲಿ ಹಿಡಿತ, ಡ್ಯಾಶ್ ಎಲ್ಲ ಇರುವ ಪೂರ್ತಿ ಅಭ್ಯಾಸ. ಆರನೆಯದು ಪಂದ್ಯ. ಒಂದೊಂದು ಮೆಟ್ಟಿಲಿಗೂ ಕನಿಷ್ಠ ಒಂದು ದಿನ. ನಾಲ್ಕಕ್ಕೆ ಹತ್ತುವ ಮೊದಲು ಲಕ್ಷಣಗಳು ಪೂರ್ತಿ ಹೋಗಿರಬೇಕು, ಡಾಕ್ಟರ್ ಒಪ್ಪಿರಬೇಕು. ಅಲ್ಲಿಂದ ಮುಂದೆ ಲಕ್ಷಣ ಮರಳಿದರೆ ಮತ್ತೆ ಮೂರಕ್ಕೆ ಇಳಿಯಬೇಕು.

ನನ್ನ ಜೊತೆಯ ಅಧ್ಯಾಪಕರಿಗೆ ಒಂದು ಮಾತು. ವಿದ್ಯಾರ್ಥಿ ಆಟಗಾರರು ಪೂರ್ತಿ ತರಗತಿಗೆ ಮರಳಿದ ಮೇಲೆಯೇ ಪೂರ್ತಿ ಆಟಕ್ಕೆ ಮರಳಬೇಕು. ಆದರೆ ಎಷ್ಟೋ ಕಡೆ ಆಗುವುದು ಉಲ್ಟಾ. ಹುಡುಗಿ ಅಭ್ಯಾಸಕ್ಕೆ ಬಂದಿರುತ್ತಾಳೆ, ತರಗತಿಯಲ್ಲಿ ಬೋರ್ಡ್ ನೋಡಿದರೆ ಅವಳಿಗೆ ಕಣ್ಣು ಮಂಜಾಗುತ್ತಿರುತ್ತದೆ. ಅರಕಲಗೂಡಿನಿಂದ ಬಸ್ಸಿನ ಕುಲುಕಾಟ ತಡೆದುಕೊಂಡು ಬಂದ ಅವಳು ಮೊದಲ ಪಿರಿಯಡ್‌ಗೇ ಸುಸ್ತಾಗಿರುತ್ತಾಳೆ. ಅವಳು ಸೋಮಾರಿಯಲ್ಲ. ಕೆಲವು ದಿನ ಅರ್ಧ ದಿನ ಬರಲಿ. ಇಂಟರ್ನಲ್ ಟೆಸ್ಟ್ ಮುಂದಕ್ಕೆ ಹಾಕಿ. ಹಾಜರಾತಿಯ ವಿಷಯ ನಾನು ಪ್ರಾಂಶುಪಾಲರ ಹತ್ತಿರ ಮಾತಾಡುತ್ತೇನೆ, ನೀವೂ ಬನ್ನಿ.

ಮಕ್ಕಳೇ, ನೀವು ಯಾಕೆ ಮುಚ್ಚಿಡುತ್ತೀರಿ ಎಂದು ನನಗೆ ಗೊತ್ತು. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ ಯೂನಿವರ್ಸಿಟಿ ಬ್ಲೂ ಎನಿಸಿಕೊಳ್ಳುವ ಆಸೆ. ಸ್ಪೋರ್ಟ್ಸ್ ಕೋಟಾದಲ್ಲಿ ಪೊಲೀಸ್ ಕೆಲಸ ಸಿಕ್ಕರೆ ಮನೆ ನಡೆಯುತ್ತದೆ ಎಂಬ ಲೆಕ್ಕ. ಆಯ್ಕೆಯ ದಿನ ತಪ್ಪಿದರೆ ವರ್ಷವೇ ಹೋಯಿತು ಎಂಬ ಭಯ. ಅದು ಸುಮ್ನೆ ಹಠವಲ್ಲ, ಬದುಕಿನ ಪ್ರಶ್ನೆ. ಆದರೆ "ಆಗುತ್ತೆ ಸಾರ್" ಎಂದು ಹೇಳುವ ಮಿದುಳಿಗೇ ಪೆಟ್ಟು ಬಿದ್ದಿರುತ್ತದೆ. ಆ ಹೊತ್ತಿನಲ್ಲಿ ತೀರ್ಮಾನ ನಿಮ್ಮ ಮೇಲೆ ಹಾಕುವುದು ನಮ್ಮ ತಪ್ಪು. ಅದಕ್ಕೇ ಪ್ರತಿ ತಂಡದಲ್ಲೂ ಒಬ್ಬರನ್ನು ಇವತ್ತೇ ಗೊತ್ತುಮಾಡೋಣ. ಪಕ್ಕದವರ ನಡೆ, ಮಾತು ವಿಚಿತ್ರ ಅನಿಸಿದರೆ ಕೈಯೆತ್ತುವುದು ಅವರ ಕೆಲಸ. ಅವರು ಕೈಯೆತ್ತಿದರೆ ನಾನು ಆಟ ನಿಲ್ಲಿಸುತ್ತೇನೆ, ಫೈನಲ್ ಆಗಿದ್ದರೂ ಸರಿ.

ಈಗ ಕಬಡ್ಡಿ ತಂಡದಿಂದ ಇಬ್ಬರು ಮುಂದೆ ಬನ್ನಿ. ಒಬ್ಬರು ಬಿದ್ದವರು, ಇನ್ನೊಬ್ಬರು ಆ ಐದು ಪ್ರಶ್ನೆ ಕೇಳುವವರು. ಚೀಟಿ ನೋಡದೆ ಕೇಳಬೇಕು.